ಎರಡು ಲಗ್ನಪತ್ರಿಕೆ, ಒಬ್ಬರೇ ಯೇಸು: ಕ್ರೈಸ್ತ ಧರ್ಮದ ಮೊದಲ ಪರಿಚಯ

2025ರ ಮೇ ತಿಂಗಳಲ್ಲಿ ಒಂದೇ ವಾರ ನಮ್ಮ ಮನೆಗೆ ಎರಡು ಲಗ್ನಪತ್ರಿಕೆಗಳು ಬಂದವು. ಎರಡೂ ಬಳ್ಳಾರಿಯ ಕ್ರೈಸ್ತ ಕುಟುಂಬಗಳವು, ಎರಡೂ ಕನ್ನಡದಲ್ಲೇ ಅಚ್ಚಾದವು. ಒಂದರಲ್ಲಿ ‘ದೇವಾಲಯದಲ್ಲಿ ದಿವ್ಯ ಬಲಿಪೂಜೆಯೊಂದಿಗೆ ವಿವಾಹ ಸಂಸ್ಕಾರ’ ಎಂದಿತ್ತು, ಕೆಳಗೆ ಗುರುಗಳ ಹೆಸರು. ಇನ್ನೊಂದರಲ್ಲಿ ‘ಕರ್ತನಾದ ಯೇಸುಕ್ರಿಸ್ತನ ಕೃಪೆಯಿಂದ’ ಎಂದು ಶುರುವಾಗಿ, ಸಭಾಪಾಲಕರು ಮದುವೆ ನಡೆಸಿಕೊಡುತ್ತಾರೆ ಎಂದು ಬರೆದಿತ್ತು. ಅವ್ವ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ, ‘ಬಲಿಪೂಜೆ ಎಂದರೆ ಏನನ್ನು ಬಲಿ ಕೊಡುತ್ತಾರೆ?’ ಎಂದು ಕೇಳಿದಳು. ಅದೇ ವಾರ, ಮೇ 8ರಂದು, ವ್ಯಾಟಿಕನ್ನಿನ ಚಿಮಣಿಯಿಂದ ಬಿಳಿ ಹೊಗೆ ಎದ್ದು ಹೊಸ ಪೋಪ್ ಹದಿನಾಲ್ಕನೆಯ ಲಿಯೋ ಆಯ್ಕೆಯಾದ ಸುದ್ದಿ ಟಿವಿಯಲ್ಲಿ ಬಂತು. ಅವ್ವನ ಎರಡನೆಯ ಪ್ರಶ್ನೆ ಆಗ ಬಂತು: ‘ಈ ಪೋಪ್ ನಮ್ಮ ಎರಡೂ ಮದುವೆ ಮನೆಯವರಿಗೆ ಗುರುವೇ?’

ಎರಡೂ ಒಳ್ಳೆಯ ಪ್ರಶ್ನೆಗಳು. ಇವಕ್ಕೆ ಸರಿಯಾಗಿ ಉತ್ತರ ಹೇಳಬೇಕೆಂದರೆ ಎರಡು ಸಾವಿರ ವರ್ಷಗಳ ಕಥೆಯನ್ನೇ ಹೇಳಬೇಕಾಗುತ್ತದೆ. ಶಾಲೆ, ಆಸ್ಪತ್ರೆ, ಮದುವೆ, ಮಣ್ಣು ಎಲ್ಲದರಲ್ಲೂ ಕ್ರೈಸ್ತರ ಜೊತೆ ಬಾಳುವ ಬಳ್ಳಾರಿ, ರಾಯಚೂರು, ಕೊಪ್ಪಳದ ಬಹಳಷ್ಟು ಮಂದಿಗೆ ಅವರ ನಂಬಿಕೆ ಏನೆಂಬುದು ಗೊತ್ತಿಲ್ಲ. ಆ ನಂಬಿಕೆಯ ಕೀಲಿ ಮಾತುಗಳು ನಮ್ಮ ಕನ್ನಡದಲ್ಲೇ ಇವೆ. ಒಂದೊಂದು ಮಾತನ್ನು ಹಿಡಿದು ಹೋದರೆ ಧರ್ಮದ ಒಳಗೆ ಹೋಗಬಹುದು.

ಕ್ರಿಸ್ತ ಎಂಬುದು ಮನೆತನದ ಹೆಸರಲ್ಲ

ಯೇಸು ಹುಟ್ಟುಹೆಸರು. ಕ್ರಿಸ್ತ ಎಂಬುದು ಬಿರುದು. ಯೆಹೂದಿಗಳ ಹೀಬ್ರೂ ಭಾಷೆಯಲ್ಲಿ ‘ಮೆಸ್ಸೀಯ’ ಎಂಬ ಮಾತಿದೆ. ಅದರ ಅರ್ಥ ‘ಅಭಿಷಿಕ್ತ’, ಅಂದರೆ ತಲೆಗೆ ಎಣ್ಣೆ ಹೊಯ್ದು ಪಟ್ಟ ಕಟ್ಟಿಸಿಕೊಂಡವನು. ಅದನ್ನೇ ಗ್ರೀಕರು ‘ಕ್ರಿಸ್ತೋಸ್’ ಎಂದರು. ನಮ್ಮಲ್ಲಿ ಪಟ್ಟಾಭಿಷೇಕ ಎಂದಾಗ ಮನಸ್ಸಿಗೆ ಬರುವ ಚಿತ್ರವೇ ಇಲ್ಲಿಯೂ ಇದೆ. ರೋಮನ್ನರ ಆಳ್ವಿಕೆಯಲ್ಲಿ ನಲುಗಿದ್ದ ಯೆಹೂದಿಗಳು, ದೇವರು ಮಾತು ಕೊಟ್ಟಂತೆ ಅಂಥ ಒಬ್ಬ ರಾಜ ಬಂದು ತಮ್ಮನ್ನು ಬಿಡಿಸುತ್ತಾನೆ ಎಂದು ಕಾಯುತ್ತಿದ್ದರು. ‘ಆ ಬರಬೇಕಾದವರು ಯೇಸುವೇ’ ಎಂದು ನಂಬಿದವರು ಕ್ರೈಸ್ತರಾದರು. ಈ ಹೆಸರಿನಿಂದ ಅವರನ್ನು ಮೊದಲು ಕರೆದದ್ದು ಅಂತಿಯೋಕ್ಯ ಎಂಬ ಪಟ್ಟಣದಲ್ಲಿ ಎಂದು ಬೈಬಲ್ ಹೇಳುತ್ತದೆ.

ಯೇಸು ಯೆಹೂದಿಯಾಗಿ ಹುಟ್ಟಿ, ಯೆಹೂದಿಯಾಗಿಯೇ ಬಾಳಿದರು. ಹುಟ್ಟಿದ್ದು ಬೆತ್ಲೆಹೇಮಿನಲ್ಲಿ, ಬೆಳೆದದ್ದು ನಜರೇತ್ ಎಂಬ ಚಿಕ್ಕ ಊರಿನಲ್ಲಿ. ತಾಯಿ ಮರಿಯಳು, ಸಾಕಿದ ತಂದೆ ಬಡಗಿ ಯೋಸೇಫ. ಮರಿಯಳು ಕನ್ಯೆಯಾಗಿದ್ದಾಗಲೇ ಪವಿತ್ರಾತ್ಮನ ಶಕ್ತಿಯಿಂದ ಗರ್ಭ ಧರಿಸಿದಳು ಎಂಬುದು ಕ್ರೈಸ್ತರ ನಂಬಿಕೆ. ಮಾತಾಡುತ್ತಿದ್ದ ಭಾಷೆ ಅರಾಮಿಕ್. ಕ್ರಿಸ್ತಶಕ ಎಂಬ ಎಣಿಕೆಯೇ ಅವರ ಹುಟ್ಟಿನಿಂದ ಶುರುವಾಗಿದ್ದರೂ ಅವರು ಹುಟ್ಟಿದ್ದು ಕ್ರಿಸ್ತಪೂರ್ವ 6ರಿಂದ 4ರ ನಡುವೆ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಏಕೆಂದರೆ ಅವರು ಹುಟ್ಟಿದಾಗ ಆಳುತ್ತಿದ್ದ ಹೆರೋದ ರಾಜ ಕ್ರಿಸ್ತಪೂರ್ವ 4ರಲ್ಲಿ ತೀರಿಕೊಂಡ ಎಂದೇ ಬಹುಪಾಲು ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. ಆರನೆಯ ಶತಮಾನದಲ್ಲಿ ಈ ಎಣಿಕೆಯನ್ನು ರೂಪಿಸಿದ ಸನ್ಯಾಸಿಯ ಲೆಕ್ಕದಲ್ಲಿ ಕೆಲವು ವರ್ಷ ತಪ್ಪಿತ್ತು.

ಸುಮಾರು ಮೂವತ್ತರ ವಯಸ್ಸಿನಲ್ಲಿ ಅವರು ಯೊರ್ದನ್ ನದಿಯಲ್ಲಿ ಯೋಹಾನ ಎಂಬ ಪ್ರವಾದಿಯಿಂದ ದೀಕ್ಷಾಸ್ನಾನ, ಅಂದರೆ ನೀರಿನಿಂದ ಕೊಡುವ ದೀಕ್ಷೆ, ಪಡೆದು ಗಲಿಲಾಯ ಸೀಮೆಯ ಊರೂರು ತಿರುಗಿ ಬೋಧಿಸತೊಡಗಿದರು. ಹನ್ನೆರಡು ಮಂದಿ ಶಿಷ್ಯರು ಜೊತೆಗಿದ್ದರು. ಅವರಲ್ಲಿ ಮೀನುಗಾರರಿದ್ದರು, ಸುಂಕ ವಸೂಲಿ ಮಾಡುವವನೂ ಇದ್ದ. ಕುಷ್ಠರೋಗಿಗಳನ್ನು ಮುಟ್ಟಿ ಗುಣಪಡಿಸಿದರು, ಊರಿನವರು ದೂರ ಇಟ್ಟವರ ಜೊತೆ ಕುಳಿತು ಉಂಡರು. ‘ದೇವರ ರಾಜ್ಯ ಹತ್ತಿರ ಬಂದಿದೆ’ ಎಂಬುದು ಅವರ ಬೋಧನೆಯ ತಿರುಳು. ಒಂದರಿಂದ ಮೂರು ವರ್ಷಗಳಷ್ಟೇ ನಡೆದ ಈ ಓಡಾಟ ಯೆರೂಸಲೇಮಿನಲ್ಲಿ ಮುಗಿಯಿತು. ರೋಮನ್ ಅಧಿಪತಿ ಪೊಂತಿಯ ಪಿಲಾತ ಮರಣದಂಡನೆ ಕೊಟ್ಟ. ಸುಮಾರು ಕ್ರಿ.ಶ. 30ರಲ್ಲಿ ಅವರನ್ನು ಶಿಲುಬೆಗೆ ಏರಿಸಿದರು. ಮೂರನೆಯ ದಿನ ಅವರು ಸಮಾಧಿಯಿಂದ ಎದ್ದು ಬಂದರು ಎಂದು ಶಿಷ್ಯರು ಸಾರಿದರು. ಇದನ್ನೇ ‘ಪುನರುತ್ಥಾನ’ ಎನ್ನುತ್ತಾರೆ. ಕ್ರೈಸ್ತ ಧರ್ಮದ ನಡುಗಂಬ ಇದೇ.

ಓಡಿ ಬಂದ ತಂದೆ

ಯೇಸು ಹೆಚ್ಚಾಗಿ ಕಥೆಗಳ ಮೂಲಕ ಬೋಧಿಸುತ್ತಿದ್ದರು. ಇವಕ್ಕೆ ಸಾಮತಿ ಎನ್ನುತ್ತಾರೆ. ಬೈಬಲಿನಲ್ಲಿ ಲೂಕನು ಬರೆದ ಪುಸ್ತಕದ 15ನೆಯ ಅಧ್ಯಾಯದಲ್ಲಿ ಬರುವ ಒಂದು ಕಥೆಯನ್ನು ಪೂರ್ತಿ ಹೇಳುತ್ತೇನೆ. ಕ್ರೈಸ್ತರ ದೇವರು ಎಂಥವನು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ.

ಒಬ್ಬ ತಂದೆಗೆ ಇಬ್ಬರು ಮಕ್ಕಳು. ಕಿರಿಯವನು ತಂದೆಯ ಎದುರು ನಿಂತು, ‘ನನ್ನ ಪಾಲಿನ ಆಸ್ತಿ ನನಗೆ ಕೊಡು’ ಎಂದ. ತಂದೆ ಗಟ್ಟಿಮುಟ್ಟಾಗಿ ಬದುಕಿರುವಾಗಲೇ ಪಾಲು ಕೇಳುವುದು ಎಂಥ ಮಾತು ಎಂದು ನಮ್ಮ ಹಳ್ಳಿಯ ಕಟ್ಟೆಯ ಮೇಲೆ ಕುಳಿತವರಿಗೆ ವಿವರಿಸಿ ಹೇಳಬೇಕಿಲ್ಲ. ತಂದೆ ಮರುಮಾತಾಡದೆ ಹಂಚಿಕೊಟ್ಟ. ಮಗ ದೂರದ ಸೀಮೆಗೆ ಹೋಗಿ ಎಲ್ಲವನ್ನೂ ಹಾಳುಮಾಡಿದ. ಆ ಮೇಲೆ ಅಲ್ಲಿ ದೊಡ್ಡ ಬರ ಬಿತ್ತು. ಹಂದಿ ಮೇಯಿಸುವ ಕೆಲಸಕ್ಕೆ ನಿಂತ. ಯೆಹೂದಿಗಳಿಗೆ ಹಂದಿ ಅಶುದ್ಧ ಪ್ರಾಣಿ. ಅದಕ್ಕಿಂತ ಕೆಳಗೆ ಇಳಿಯಲು ಜಾಗವೇ ಇರಲಿಲ್ಲ. ಹಂದಿ ತಿನ್ನುವ ಕಾಯನ್ನಾದರೂ ತಿನ್ನೋಣವೆಂದರೆ ಅದನ್ನೂ ಯಾರೂ ಕೊಡಲಿಲ್ಲ. ಆಗ ಅವನಿಗೆ ಬುದ್ಧಿ ಬಂತು. ‘ಅಪ್ಪನ ಮನೆಯ ಕೂಲಿಯವರಿಗೂ ಹೊಟ್ಟೆ ತುಂಬಾ ಊಟವಿದೆ. ಹೋಗಿ ತಪ್ಪಾಯಿತು ಎನ್ನುತ್ತೇನೆ. ಮಗ ಎನಿಸಿಕೊಳ್ಳುವ ಯೋಗ್ಯತೆ ನನಗಿಲ್ಲ, ಕೂಲಿಯಾಳಾಗಿ ಇಟ್ಟುಕೊ ಎನ್ನುತ್ತೇನೆ’ ಎಂದು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಕಟ್ಟಿಕೊಂಡು ಹೊರಟ.

ಅವನಿನ್ನೂ ದೂರದಲ್ಲಿರುವಾಗಲೇ ತಂದೆ ಅವನನ್ನು ಕಂಡ. ಕಂಡು ಓಡಿದ. ಆಸ್ತಿವಂತನಾದ ಹಿರಿಯ, ಊರೆಲ್ಲ ನೋಡುತ್ತಿರುವಾಗ, ಓಡಿ ಹೋಗಿ ಮಗನ ಕೊರಳನ್ನು ಅಪ್ಪಿ ಮುದ್ದಿಟ್ಟ. ಮಗ ಕಟ್ಟಿಕೊಂಡು ಬಂದ ಮಾತನ್ನು ಪೂರ್ತಿ ಹೇಳಲೂ ಬಿಡಲಿಲ್ಲ. ಒಳ್ಳೆಯ ಅಂಗಿ ತನ್ನಿ, ಬೆರಳಿಗೆ ಉಂಗುರ ಇಡಿ, ಕಾಲಿಗೆ ಕೆರ ಮೆಡಿಸಿ ಎಂದು ಆಳುಗಳಿಗೆ ಕೂಗಿ ಹೇಳಿ, ಹಬ್ಬದೂಟ ಮಾಡಿಸಿದ.

ಹಿರಿಯ ಮಗ ಹೊಲದಿಂದ ಬಂದು ಬಾಜಾಬಜಂತ್ರಿ ಕೇಳಿ ಸಿಟ್ಟಾಗಿ ಹೊರಗೇ ನಿಂತ. ಇಷ್ಟು ವರ್ಷ ದುಡಿದರೂ ತನಗಾಗಿ ಒಂದು ಮೇಕೆಮರಿಯನ್ನೂ ಕೊಟ್ಟವನಲ್ಲ ಎಂದು ತಂದೆಯನ್ನು ಜರೆದ. ತಂದೆ ಅವನ ಬಳಿಗೂ ಹೊರಗೆ ಬಂದು ಬೇಡಿಕೊಂಡ. ಹಿರಿಯವನು ಒಳಗೆ ಹೋದನೋ ಇಲ್ಲವೋ, ಕಥೆ ಹೇಳುವುದಿಲ್ಲ. ಪಾಪಿಗಳ ಜೊತೆ ಕುಳಿತು ಉಣ್ಣುತ್ತಾನೆ ಎಂದು ತನ್ನನ್ನು ಆಡಿಕೊಳ್ಳುತ್ತಿದ್ದ ಧರ್ಮನಿಷ್ಠರ ಎದುರಿನಲ್ಲಿ ಯೇಸು ಈ ಕಥೆಯನ್ನು ಹೇಳಿದ್ದರು.

ಪಾಪ, ಕೃಪೆ, ರಕ್ಷಣೆ

ಈ ಕಥೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಕ್ರೈಸ್ತರ ದೊಡ್ಡ ಮಾತುಗಳು ಸುಲಭವಾಗಿ ತಿಳಿಯುತ್ತವೆ. ನಮ್ಮಲ್ಲಿ ಪಾಪ ಎಂದರೆ ಕರ್ಮದ ಲೆಕ್ಕ ನೆನಪಾಗುತ್ತದೆ: ಮಾಡಿದ್ದನ್ನು ಈ ಜನ್ಮದಲ್ಲೋ ಮುಂದಿನದರಲ್ಲೋ ಉಣ್ಣಬೇಕು. ಕ್ರೈಸ್ತರ ಪ್ರಕಾರ ಮನುಷ್ಯನಿಗೆ ಇರುವುದು ಒಂದೇ ಜನ್ಮ. ಅವರಲ್ಲಿ ಪಾಪ ಎಂದರೆ ಮೂಲತಃ ಮಗ ತಂದೆಗೆ ಬೆನ್ನು ತಿರುಗಿಸಿ ಹೋಗುವುದು, ದೇವರ ಜೊತೆಗಿನ ಸಂಬಂಧ ಕಡಿದುಕೊಳ್ಳುವುದು. ಮೊದಲ ಮನುಷ್ಯರಾದ ಆದಾಮ ಮತ್ತು ಹವ್ವ ದೇವರ ಮಾತು ಮೀರಿದಂದಿನಿಂದ ಇಡೀ ಮನುಕುಲ ಈ ಅಗಲಿಕೆಯಲ್ಲಿದೆ, ತನ್ನ ಸ್ವಂತ ಬಲದಿಂದ ಹಿಂತಿರುಗಲು ಅದಕ್ಕೆ ಆಗದು ಎಂದು ಅವರು ನಂಬುತ್ತಾರೆ.

ಹಾಗಾದರೆ ಶಿಲುಬೆಯ ಸಾವಿನಿಂದ ಏನಾಯಿತು? ಇದನ್ನು ಬೈಬಲ್ ಹಲವು ಹೋಲಿಕೆಗಳಿಂದ ಹೇಳುತ್ತದೆ; ಒಂದು ಸಾಲದ್ದು. ರಾಯಚೂರಿನ ಹತ್ತಿ ಮಾರುಕಟ್ಟೆಯ ಅಡತಿ ಅಂಗಡಿಯಲ್ಲಿ ಒಬ್ಬ ರೈತನ ಹೆಸರಿನಲ್ಲಿ ತೀರಿಸಲಾಗದಷ್ಟು ಬಾಕಿ ಇದೆ ಎಂದುಕೊಳ್ಳಿ. ಮೂರು ತಲೆಮಾರು ದುಡಿದರೂ ಅದು ತೀರುವಂಥದ್ದಲ್ಲ. ಆಗ ಅಂಗಡಿಯವನ ಮಗನೇ ತನ್ನ ಪಾಲಿನ ಸ್ವತ್ತನ್ನೆಲ್ಲ ಕೊಟ್ಟು ಆ ಖಾತೆಗೆ ಗೆರೆ ಎಳೆಸುತ್ತಾನೆ. ರೈತ ಮಾಡಬೇಕಾದದ್ದು ಅದನ್ನು ನಂಬಿ, ಒಪ್ಪಿ, ಹೊಸಬನಾಗಿ ಬಾಳುವುದು. ಗಳಿಸದೆ ದೊರೆತ ಈ ದಯೆಗೆ ‘ಕೃಪೆ’ ಎನ್ನುತ್ತಾರೆ. ಹೀಗೆ ಪಾರಾಗುವುದನ್ನು ನಮ್ಮ ಎರಡನೆಯ ಲಗ್ನಪತ್ರಿಕೆಯವರಂಥ ಪ್ರೊಟೆಸ್ಟೆಂಟರು ‘ರಕ್ಷಣೆ’ ಎಂದರೆ, ಮೊದಲನೆಯವರಂಥ ಕಥೋಲಿಕರ ಓದಿನಲ್ಲಿ ‘ಜೀವೋದ್ಧಾರ’ ಎಂಬ ಮಾತು ಬರುತ್ತದೆ. ಬೈಬಲನ್ನು ಕನ್ನಡಕ್ಕೆ ತಂದವರು ‘ಮೋಕ್ಷ’ ಎಂಬ ಸಿದ್ಧ ಪದವನ್ನು ಮುಂದೆ ಮಾಡಲಿಲ್ಲ ಎಂಬುದನ್ನು ಗಮನಿಸಬೇಕು. ಮೋಕ್ಷ ಎಂದೊಡನೆ ಹುಟ್ಟುಸಾವಿನ ಚಕ್ರದಿಂದ ಬಿಡುಗಡೆ ಎಂಬ ಅರ್ಥ ಬರುತ್ತದೆ. ಕ್ರೈಸ್ತರು ಹೇಳುತ್ತಿರುವುದು ಮುರಿದ ಸಂಬಂಧ ಕೂಡುವ ಮಾತನ್ನು.

ಒಬ್ಬನೇ ದೇವರು, ಮೂವರು ಹೇಗೆ?

ಬಲಗೈಯಿಂದ ಹಣೆ, ಎದೆ, ಭುಜಗಳನ್ನು ಮುಟ್ಟಿಕೊಂಡು ‘ಪಿತ, ಸುತ, ಪವಿತ್ರಾತ್ಮ’ ಎನ್ನುವುದನ್ನು ನೀವು ನೋಡಿರಬಹುದು. ಕ್ರೈಸ್ತರು ನಂಬುವುದು ಒಬ್ಬನೇ ದೇವರನ್ನು. ಆದರೆ ಆ ಒಬ್ಬ ದೇವರಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಿದ್ದಾರೆ ಎನ್ನುತ್ತಾರೆ. ಇದಕ್ಕೆ ತ್ರಯೈಕ್ಯ ಎಂದು ಹೆಸರು. ಹಳೆಯ ಕಾಲದ ಬೋಧಕರು ಊಟೆ, ಹೊಳೆ, ಕಾಲುವೆಗಳ ಹೋಲಿಕೆ ಕೊಡುತ್ತಿದ್ದರು. ನಮಗೆ ಅದು ಇನ್ನೂ ಹತ್ತಿರ: ತುಂಗಭದ್ರಾ ಜಲಾಶಯದಲ್ಲಿ ನಿಂತ ನೀರು, ಎಡದಂಡೆ ಕಾಲುವೆಯಲ್ಲಿ ಕೊಪ್ಪಳ ದಾಟಿ ರಾಯಚೂರಿನ ಕಡೆ ಹರಿಯುವ ನೀರು, ಸಿಂಧನೂರಿನ ಗದ್ದೆಯಲ್ಲಿ ಪೈರಿನ ಬೇರಿಗೆ ಇಳಿಯುವ ನೀರು, ಮೂರೂ ಒಂದೇ ನೀರು. ಈ ಹೋಲಿಕೆ ಒಂದು ಕಡೆ ಸೋಲುತ್ತದೆ ಎಂದೂ ಹೇಳಬೇಕು. ಜಲಾಶಯ ಬರಿದಾದರೆ ಕಾಲುವೆ ತುಂಬುತ್ತದೆ. ತಂದೆ, ಮಗ, ಪವಿತ್ರಾತ್ಮರಲ್ಲಿ ಅಂಥ ಕೂಡುವುದು ಕಳೆಯುವುದು ಇಲ್ಲ, ಮೂವರೂ ಎಂದೆಂದಿಗೂ ಪೂರ್ಣರು ಎಂಬುದು ಸಭೆಯ, ಅಂದರೆ ಕ್ರೈಸ್ತ ಸಂಘದ, ಬೋಧನೆ. ಇದು ಬುದ್ಧಿಗೆ ಪೂರ್ತಿ ಎಟುಕದ ರಹಸ್ಯ ಎಂದು ಕ್ರೈಸ್ತರೇ ಒಪ್ಪುತ್ತಾರೆ.

ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯ ಎಂಬುದು ಇದರಿಂದಲೇ ಬರುತ್ತದೆ. ಇದು ಅವತಾರದಂತೆ ಕೇಳಿಸುತ್ತದೆ. ಆದರೆ ದೇವರು ಮನುಷ್ಯನಾಗಿದ್ದು ಒಂದೇ ಸಲ, ಇತಿಹಾಸದ ಒಂದು ಗೊತ್ತಾದ ಕಾಲದಲ್ಲಿ, ಮತ್ತೆ ಬರುವುದು ಲೋಕದ ಕೊನೆಯಲ್ಲಿ ತೀರ್ಪು ಕೊಡಲು ಎಂದು ಅವರು ನಂಬುತ್ತಾರೆ.

ಬೈಬಲ್ ಎಂಬ ಗ್ರಂಥಭಂಡಾರ

ಬೈಬಲ್ ಒಂದೇ ಹೊದಿಕೆಯೊಳಗಿನ ಹಲವು ಪುಸ್ತಕ. ಹಲವು ಶತಮಾನಗಳಲ್ಲಿ ಹಲವು ಮಂದಿ ಬರೆದದ್ದು. ಮೊದಲ ಭಾಗ ಹಳೆಯ ಒಡಂಬಡಿಕೆ. ಬಹುಪಾಲು ಹೀಬ್ರೂ ಭಾಷೆಯದು, ಯೆಹೂದಿಗಳಿಗೂ ಪವಿತ್ರ. ಸೃಷ್ಟಿ, ಅಬ್ರಹಾಮ, ಮೋಶೆ ಮತ್ತು ಹತ್ತು ಆಜ್ಞೆಗಳು, ದಾವೀದ ರಾಜ, ಪ್ರವಾದಿಗಳು ಎಲ್ಲ ಇಲ್ಲಿ ಬರುತ್ತಾರೆ. ಎರಡನೆಯದು ಹೊಸ ಒಡಂಬಡಿಕೆ. ಗ್ರೀಕ್ ಭಾಷೆಯದು, 27 ಪುಸ್ತಕಗಳು. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ವರ ಹೆಸರಿನಲ್ಲಿರುವ ಯೇಸುವಿನ ಕಥನಗಳು ಅದರ ಆರಂಭದಲ್ಲಿವೆ. ಒಡಂಬಡಿಕೆ ಎಂದರೆ ಕರಾರು, ದೇವರು ಮತ್ತು ಮನುಷ್ಯರ ನಡುವೆ ಆದ ಒಪ್ಪಂದ.

ಪ್ರೊಟೆಸ್ಟೆಂಟರ ಬೈಬಲಿನಲ್ಲಿ ಒಟ್ಟು 66 ಪುಸ್ತಕಗಳಿದ್ದರೆ ಕಥೋಲಿಕರದರಲ್ಲಿ 73 ಇವೆ. ಹೆಚ್ಚಿನ ಏಳೂ ಹಳೆಯ ಒಡಂಬಡಿಕೆಯವು.

ಗುಪ್ತವಾಗಿ ಕೂಡುತ್ತಿದ್ದವರು ಅರಮನೆಗೆ ಬಂದದ್ದು

ಮೊದಲಿಗೆ ಇದು ಯೆಹೂದಿಗಳೊಳಗಿನ ಒಂದು ಚಿಕ್ಕ ಗುಂಪು. ಅದನ್ನು ಹೊರಜಗತ್ತಿಗೆ ತಂದವರಲ್ಲಿ ಪೌಲ ಮುಖ್ಯ. ಕ್ರೈಸ್ತರನ್ನು ಹಿಂಸಿಸುತ್ತಿದ್ದವನೇ ಮನಸ್ಸು ತಿರುಗಿ ಅವರ ದೊಡ್ಡ ಬೋಧಕನಾದ. ಯೇಸುವನ್ನು ನಂಬುವ ಹೊರಗಿನವರು ಸುನ್ನತಿಯಂಥ ಯೆಹೂದಿ ಆಚರಣೆಗಳನ್ನು ಪಾಲಿಸಬೇಕಿಲ್ಲ ಎಂದು ಕ್ರಿ.ಶ. 49ರ ಸುಮಾರಿಗೆ ಯೆರೂಸಲೇಮಿನ ಸಭೆಯಲ್ಲಿ ತೀರ್ಮಾನವಾಯಿತು. ಬಾಗಿಲು ಎಲ್ಲ ಜನಾಂಗಗಳಿಗೂ ತೆರೆಯಿತು.

ರೋಮನ್ ಸಾಮ್ರಾಜ್ಯ ಅವರನ್ನು ಅನುಮಾನದಿಂದಲೇ ನೋಡಿತು. ಚಕ್ರವರ್ತಿಗೆ ಧೂಪ ಹಾಕಲು ಒಲ್ಲದವರು ಎಂಬುದೇ ದೊಡ್ಡ ತಪ್ಪು. 64ರಲ್ಲಿ ರೋಮ್ ಸುಟ್ಟಾಗ ನೀರೋ ಚಕ್ರವರ್ತಿ ಆ ತಪ್ಪನ್ನು ಕ್ರೈಸ್ತರ ತಲೆಗೆ ಕಟ್ಟಿದ. 303ರಿಂದ ಡಯೋಕ್ಲೀಷಿಯನ್ ಚಕ್ರವರ್ತಿಯ ಕಾಲದಲ್ಲಿ ಹಿಂಸೆ ಎಲ್ಲಕ್ಕಿಂತ ಘೋರವಾಯಿತು. ಅಲ್ಲಿಂದ ಹತ್ತೇ ವರ್ಷದಲ್ಲಿ ಗಾಳಿ ತಿರುಗಿತು. 313ರಲ್ಲಿ ಚಕ್ರವರ್ತಿಗಳಾದ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಕ್ರೈಸ್ತರಿಗೆ ಪೂಜಾಸ್ವಾತಂತ್ರ್ಯ ಕೊಟ್ಟರು. 325ರಲ್ಲಿ ನಿಕೇಯ ಎಂಬಲ್ಲಿ ಬಿಷಪ್ಪರ, ಅಂದರೆ ಧರ್ಮಾಧ್ಯಕ್ಷರ, ಮಹಾಸಭೆ ಕೂಡಿತು. ಮಗನಾದ ಯೇಸು ತಂದೆಗೆ ಸಮಾನನೋ ಅಥವಾ ಸೃಷ್ಟಿಯಾದವನೋ ಎಂಬ ವಾದಕ್ಕೆ ‘ಸಮಾನ’ ಎಂಬ ತೀರ್ಪು ಅಲ್ಲಿ ಬಂತು. ಭಾನುವಾರಗಳಂದು ಚರ್ಚುಗಳಲ್ಲಿ ಎಲ್ಲರೂ ಒಟ್ಟಾಗಿ ಹೇಳುವ ವಿಶ್ವಾಸ ಪ್ರಮಾಣಕ್ಕೆ ಬುನಾದಿ ಆ ಸಭೆಯದು. 2025ಕ್ಕೆ ಅದಕ್ಕೆ 1,700 ವರ್ಷ ತುಂಬಿತು. 380ರಲ್ಲಿ ಥಿಯೋಡೋಸಿಯಸ್ ಚಕ್ರವರ್ತಿ ಇದನ್ನೇ ಸಾಮ್ರಾಜ್ಯದ ಧರ್ಮವೆಂದು ಸಾರಿದ.

ಒಡೆದದ್ದು ಎಲ್ಲಿ, ಏಕೆ

ಅವ್ವನ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಯೇಸುವಿನ ಶಿಷ್ಯರಲ್ಲಿ ಮೊದಲಿಗನಾದ ಪೇತ್ರ ರೋಮಿನಲ್ಲಿ ಸತ್ತನೆಂಬುದು ಪರಂಪರೆ. ಅಲ್ಲಿನ ಬಿಷಪ್ ಪೇತ್ರನ ಉತ್ತರಾಧಿಕಾರಿ, ಆದ್ದರಿಂದ ಎಲ್ಲರಿಗೂ ಹಿರಿಯ ಎಂಬ ನಂಬಿಕೆಯಿಂದ ಪೋಪ್ ಪದವಿ ಬೆಳೆಯಿತು. ಪೂರ್ವದ ಗ್ರೀಕ್ ಭಾಷೆಯ ಸಭೆಗಳು ಗೌರವ ಕೊಟ್ಟರೂ ಆ ಅಧಿಕಾರವನ್ನು ಒಪ್ಪಲಿಲ್ಲ. 1054ರಲ್ಲಿ ಎರಡೂ ಕಡೆಯವರು ಒಬ್ಬರನ್ನೊಬ್ಬರು ಬಹಿಷ್ಕರಿಸಿದರು. ಪೂರ್ವದವರು ಆರ್ಥೊಡಾಕ್ಸ್, ಪಶ್ಚಿಮದವರು ಕಥೋಲಿಕರು.

ಎರಡನೆಯ ಒಡಕು 1517ರಲ್ಲಿ, ಜರ್ಮನಿಯ ವಿಟೆನ್‌ಬರ್ಗಿನಲ್ಲಿ. ಪಾಪದ ಶಿಕ್ಷೆ ಕಡಿಮೆಯಾಗುತ್ತದೆ ಎಂದು ಹೇಳಿ ಹಣಕ್ಕೆ ಪತ್ರಗಳನ್ನು ಕೊಡುತ್ತಿದ್ದುದನ್ನು ಮಾರ್ಟಿನ್ ಲೂಥರ್ ಎಂಬ ಸನ್ಯಾಸಿ 95 ವಾದಗಳನ್ನು ಬರೆದು ಪ್ರಶ್ನಿಸಿದರು. ಮನುಷ್ಯ ಪಾರಾಗುವುದು ನಂಬಿಕೆಯಿಂದ, ಕೊನೆಯ ಪ್ರಮಾಣ ಬೈಬಲ್ ಎಂದರು. ಅಚ್ಚಿನ ಯಂತ್ರ ಬಂದು ಆಗ ಕೆಲವೇ ದಶಕಗಳಾಗಿದ್ದವು. ಅವರ ಮಾತು ವಾರಗಳಲ್ಲಿ ಊರೂರಿಗೆ ಹರಡಿತು. ಹೀಗೆ ಬೇರೆಯಾದವರು ಪ್ರೊಟೆಸ್ಟೆಂಟರು. ಅವರಲ್ಲಿಯೂ ಕವಲುಗಳಾದವು: ಇಂಗ್ಲೆಂಡಿನ ಆಂಗ್ಲಿಕನ್ ಸಭೆ, ಹದಿನೆಂಟನೆಯ ಶತಮಾನದಲ್ಲಿ ಜಾನ್ ವೆಸ್ಲಿಯಿಂದ ಹುಟ್ಟಿದ ಮೆಥೋಡಿಸ್ಟ್ ಸಭೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಿಂದ ಹಬ್ಬಿದ ಪೆಂತೆಕೊಸ್ತ್ ಸಭೆಗಳು. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತದ ಹಲವು ಪ್ರೊಟೆಸ್ಟೆಂಟ್ ಕವಲುಗಳು ಒಂದಾಗಿ ‘ಸಿಎಸ್‌ಐ’ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಸಭೆಯಾದವು. ಒಡೆದವರು ಕೂಡಿದ ಕಥೆಯೂ ಇದೆ ಎಂದು ಹೇಳಲು ನನಗೆ ಸಂತೋಷ.

ಆದ್ದರಿಂದ ಪೋಪ್ ನಮ್ಮ ಮೊದಲ ಲಗ್ನಪತ್ರಿಕೆಯ ಮನೆಯವರಿಗೆ ಗುರು, ಎರಡನೆಯವರಿಗೆ ಅಲ್ಲ. ಕಥೋಲಿಕರ ಏರ್ಪಾಡನ್ನು ಕಂದಾಯ ಇಲಾಖೆಯಂತೆ ಯೋಚಿಸಬಹುದು: ಹೋಬಳಿಯಂತೆ ಒಂದೊಂದು ಧರ್ಮಕೇಂದ್ರ, ಅದಕ್ಕೆ ಗುರುಗಳು, ಜಿಲ್ಲೆಯಂತೆ ಧರ್ಮಪ್ರಾಂತ್ಯ, ಅದಕ್ಕೆ ಧರ್ಮಾಧ್ಯಕ್ಷರು, ಎಲ್ಲಕ್ಕೂ ಮೇಲೆ ಪೋಪ್. ಬಳ್ಳಾರಿ ಧರ್ಮಪ್ರಾಂತ್ಯ 1949ರಲ್ಲಿ ಸ್ಥಾಪನೆಯಾಯಿತು. ರಾಯಚೂರು, ಕೊಪ್ಪಳವೂ ಅದರ ವ್ಯಾಪ್ತಿಗೆ ಸೇರಿವೆ.

ಮುದಗಲ್ಲಿನ ಕೋಟೆ, ಬಳ್ಳಾರಿಯ ಅಚ್ಚುಮೊಳೆ

ಭಾರತಕ್ಕೆ ಈ ಧರ್ಮ ಬಿಳಿಯರ ಜೊತೆ ಬಂತು ಎಂದು ಬಹಳ ಮಂದಿ ತಿಳಿದಿದ್ದಾರೆ. ಯೇಸುವಿನ ಶಿಷ್ಯ ತೋಮ ಕ್ರಿ.ಶ. 52ರಲ್ಲಿ ಕೇರಳದ ಕರಾವಳಿಗೆ ಬಂದನೆಂಬುದು ಅಲ್ಲಿನ ಕ್ರೈಸ್ತರ ಪರಂಪರೆ. 849ರ ಕೊಲ್ಲಂ ತಾಮ್ರಶಾಸನ ಅಲ್ಲಿನ ಕ್ರೈಸ್ತ ಸಮುದಾಯಕ್ಕೆ ಗಟ್ಟಿ ದಾಖಲೆ. ವಾಸ್ಕೊ ಡ ಗಾಮ ಬಂದದ್ದು ಅದಕ್ಕಿಂತ ಆರೂವರೆ ಶತಮಾನ ಆಚೆಗೆ, 1498ರಲ್ಲಿ.

ನಮ್ಮ ಸೀಮೆಯ ಕಥೆಗೆ ಎರಡು ಎಳೆಗಳಿವೆ. ಒಂದು ರಾಯಚೂರು ಜಿಲ್ಲೆಯ ಮುದಗಲ್ಲಿನದು. ಕೋಟೆಗೂ ಮೊಹರಂಗೂ ಹೆಸರಾದ ಈ ಊರಿನಲ್ಲಿ ಬಿಜಾಪುರದ ಆದಿಲ್‌ಶಾಹಿಗಳ ಕಾಲಕ್ಕೆ ಹೋಗುವ ಹಳೆಯ ಕಥೋಲಿಕ ಸಮುದಾಯವಿದೆ. ಕೋಟೆ, ದರ್ಗಾ, ಗುಡಿ, ಚರ್ಚು ಒಂದೇ ಊರಿನಲ್ಲಿ ಇಷ್ಟು ಶತಮಾನ ಒಟ್ಟಿಗೆ ಇರುವುದನ್ನು ನೋಡಲು ಮುದಗಲ್ಲಿಗೆ ಹೋಗಿ ಬನ್ನಿ.

ಇನ್ನೊಂದು ಎಳೆ ಬಳ್ಳಾರಿಯದು. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಸೀಮೆಗಳ ಜೊತೆ ಬಳ್ಳಾರಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು, ದಂಡು ಬಂತು. ರಾಯಚೂರು, ಕೊಪ್ಪಳದ ಕಡೆ ನಿಜಾಮರ ಆಳ್ವಿಕೆಯೇ 1948ರವರೆಗೆ ಮುಂದುವರಿಯಿತು. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿದರು. ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕುಳಿತರು. ಪೂರ್ತಿ ಕನ್ನಡ ಬೈಬಲ್ ಅಚ್ಚಾಗಿ ಹೊರಬಂದದ್ದು 1831ರಲ್ಲಿ. ಅವರ ಜೊತೆಗಾರ ವಿಲಿಯಂ ರೀವ್ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದರು. ಕಿಟೆಲರ ಪ್ರಸಿದ್ಧ ನಿಘಂಟು ಬರಲು ಇನ್ನೂ 62 ವರ್ಷ ಬಾಕಿ ಇತ್ತು.

ಬಳ್ಳಾರಿಯ ಅಚ್ಚುಮೊಳೆಗೆ ಇನ್ನೊಂದು ಹೆಗ್ಗಳಿಕೆಯಿದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈನಲ್ಲಿ ಕಲ್ಲಚ್ಚಿನಲ್ಲಿ ಶುರು ಮಾಡಿದರು. ಮರುವರ್ಷ ಅದು ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಬಳ್ಳಾರಿಯಿಂದ, ಇಲ್ಲಿನ ಅಚ್ಚುಮೊಳೆಗಳಲ್ಲಿ ಹೊರಬಂತು. 1846ರಲ್ಲಿ ಲಂಡನ್ ಮಿಷನ್ ಇಲ್ಲಿ ತೆರೆದ ಶಾಲೆಯೇ ಮುಂದೆ ವಾರ್ಡ್‌ಲಾ ಹೆಸರಿನಿಂದ ಬೆಳೆಯಿತು. ಊರಿನ ಎಷ್ಟೋ ಹಿರಿಯರು ಅಲ್ಲಿ ಓದಿದವರು.

ಆ ಅನುವಾದದ ಕೆಲಸವನ್ನು ಹತ್ತಿರದಿಂದ ನೋಡಿದರೆ ನನಗೆ ಎಲ್ಲಕ್ಕಿಂತ ಹೆಚ್ಚು ಅಚ್ಚರಿಯಾಗುವುದು ಒಂದು ಸಣ್ಣ ಕ್ರಿಯಾಪದ. ಹಳೆಯ ಕನ್ನಡ ಬೈಬಲಿನಲ್ಲಿ ಯೇಸುವಿಗೆ ‘ಆತನು’ ಎಂದಿದೆ, ‘ಹೇಳಿದನು’ ಎಂದಿದೆ. ನಾವು ಶಿವನನ್ನೋ ರಾಮನನ್ನೋ ಏಕವಚನದಲ್ಲಿ ಕರೆಯುವ ಹಾಗೆ ಅದು ಭಕ್ತಿಯ ಏಕವಚನ. ಇತ್ತೀಚಿನ ಅನುವಾದದಲ್ಲಿ ‘ಯೇಸು ಹೇಳಿದರು’ ಎಂದಾಯಿತು, ಗುರುಹಿರಿಯರನ್ನು ಕರೆಯುವಂತೆ. ದೇವರ ಮಗನನ್ನು ಕನ್ನಡದಲ್ಲಿ ಯಾವ ವಚನದಲ್ಲಿ ಕರೆಯಬೇಕು ಎಂಬ ಚರ್ಚೆಯೇ ತ್ರಯೈಕ್ಯದಷ್ಟು ಆಳವಾದದ್ದು. ಲಗ್ನಪತ್ರಿಕೆಗಳಲ್ಲಿ ನಾವು ಕಂಡ ಭೇದವೂ ಇಂಥದ್ದೇ. ಯೇಸುವಿನ ಸಂದೇಶ ಕಥೋಲಿಕರಿಗೆ ‘ಶುಭಸಂದೇಶ’, ಪ್ರೊಟೆಸ್ಟೆಂಟರಿಗೆ ‘ಸುವಾರ್ತೆ’. ಅವರಿಗೆ ‘ವಿಶ್ವಾಸ’, ಇವರಿಗೆ ‘ನಂಬಿಕೆ’. ಯೇಸುವಿನ ಹನ್ನೆರಡು ಶಿಷ್ಯರು ಅವರಿಗೆ ‘ಪ್ರೇಷಿತರು’, ಇವರಿಗೆ ‘ಅಪೊಸ್ತಲರು’. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಮನೆಗಳಲ್ಲಿ ಕನ್ನಡ ಕಲಿತವರು ಒಂದೇ ಗ್ರೀಕ್ ಪದಕ್ಕೆ ಆರಿಸಿಕೊಂಡ ಎರಡು ಕನ್ನಡ ಪದಗಳು ಇವು.

ಬಲಿಪೂಜೆಯಲ್ಲಿ ಏನನ್ನು ಬಲಿ ಕೊಡುತ್ತಾರೆ?

ಸಾಯುವ ಹಿಂದಿನ ರಾತ್ರಿ ಯೇಸು ಶಿಷ್ಯರ ಜೊತೆ ಊಟಕ್ಕೆ ಕುಳಿತರು. ರೊಟ್ಟಿಯನ್ನು ತೆಗೆದುಕೊಂಡು ಮುರಿದು, ಇದು ನನ್ನ ದೇಹ ಎಂದರು. ದ್ರಾಕ್ಷಾರಸದ ಪಾತ್ರೆಯನ್ನು ಕೊಟ್ಟು, ಇದು ನನ್ನ ರಕ್ತ ಎಂದರು. ನನ್ನ ನೆನಪಿಗಾಗಿ ಇದನ್ನು ಮಾಡಿ ಎಂದು ಹೇಳಿದರು. ಎರಡು ಸಾವಿರ ವರ್ಷಗಳಿಂದ ಕ್ರೈಸ್ತರು ಮಾಡುತ್ತಿರುವುದು ಅದನ್ನೇ. ಯೆಹೂದಿಗಳ ಮಂದಿರದಲ್ಲಿ ಕುರಿಮರಿಗಳ ಬಲಿ ನಡೆಯುತ್ತಿತ್ತು. ಶಿಲುಬೆಯ ಮೇಲೆ ಯೇಸು ತಮ್ಮನ್ನೇ ಬಲಿಯಾಗಿ ಕೊಟ್ಟದ್ದರಿಂದ ಇನ್ನು ಯಾವ ಪ್ರಾಣಿಯ ಬಲಿಯೂ ಬೇಡ ಎಂಬುದು ಅವರ ನಂಬಿಕೆ. ಬಲಿಪೂಜೆಯಲ್ಲಿ ಪೀಠದ ಮೇಲೆ ಇರುವುದು ತೆಳುವಾದ, ಬಿಳಿಯ, ದುಂಡನೆಯ ಗೋಧಿ ರೊಟ್ಟಿ ಮತ್ತು ಸ್ವಲ್ಪ ದ್ರಾಕ್ಷಾರಸ. ಅವ್ವನಿಗೆ ನಾನು ಹೇಳಿದ್ದು ಇಷ್ಟೇ.

ಗುರುಗಳ ಪ್ರಾರ್ಥನೆಯಿಂದ ಆ ರೊಟ್ಟಿ ಮತ್ತು ರಸ ನಿಜವಾಗಿಯೂ ಕ್ರಿಸ್ತರ ದೇಹ, ರಕ್ತ ಆಗುತ್ತವೆ ಎಂದು ಕಥೋಲಿಕರು ನಂಬುತ್ತಾರೆ. ಅದಕ್ಕೆ ‘ಪರಮಪ್ರಸಾದ’ ಎಂದು ಹೆಸರು. ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನವರು ‘ಕರ್ತನ ಭೋಜನ’ ಎನ್ನುತ್ತಾರೆ, ಅದನ್ನು ನೆನಪಿನ ಊಟವಾಗಿಯೋ ಯೇಸುವಿನ ಆತ್ಮಿಕ ಸನ್ನಿಧಿಯಾಗಿಯೋ ಕಾಣುತ್ತಾರೆ. ಇಂಥ ಪವಿತ್ರ ವಿಧಿಗಳು, ಅಂದರೆ ಸಂಸ್ಕಾರಗಳು, ಕಥೋಲಿಕರಲ್ಲಿ ಏಳು. ಮದುವೆಯೂ ಅದರಲ್ಲಿ ಒಂದು. ಪ್ರೊಟೆಸ್ಟೆಂಟರು ಎಣಿಸುವುದು ದೀಕ್ಷಾಸ್ನಾನ ಮತ್ತು ಕರ್ತನ ಭೋಜನ ಎಂಬ ಎರಡನ್ನೇ. ಅದಕ್ಕೇ ಒಂದು ಪತ್ರಿಕೆಯಲ್ಲಿ ‘ವಿವಾಹ ಸಂಸ್ಕಾರ’ ಎಂದಿತ್ತು, ಇನ್ನೊಂದರಲ್ಲಿ ಇರಲಿಲ್ಲ.

ಹುಣ್ಣಿಮೆ ನೋಡಿ ಬರುವ ಹಬ್ಬ

ಕ್ರಿಸ್ಮಸ್ ಎಲ್ಲರಿಗೂ ಗೊತ್ತು. ಡಿಸೆಂಬರ್ 25 ಎಂಬ ದಿನಾಂಕ ಬೈಬಲಿನಲ್ಲಿ ಇಲ್ಲ, ಆಚರಣೆ ನಾಲ್ಕನೆಯ ಶತಮಾನದ ರೋಮಿನಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಕ್ರೈಸ್ತರ ಅತಿ ದೊಡ್ಡ ಹಬ್ಬ ಈಸ್ಟರ್, ಯೇಸು ಎದ್ದು ಬಂದ ದಿನ. ನಮ್ಮ ಹಬ್ಬಗಳಂತೆ ಅದೂ ಚಂದ್ರನನ್ನು ನೋಡಿ ಬರುತ್ತದೆ: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ. ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವಾಗ ಬೇಕಾದರೂ ಬರಬಹುದು. ಭಾನುವಾರಗಳನ್ನು ಬಿಟ್ಟು ಎಣಿಸಿದರೆ ಅದಕ್ಕೆ ಮುಂಚಿನ ನಲವತ್ತು ದಿನಗಳು ತಪಸ್ಸುಕಾಲ, ಹಣೆಗೆ ಬೂದಿ ಹಚ್ಚಿಕೊಳ್ಳುವ ಬುಧವಾರದಿಂದ ಶುರು. ಆ ದಿನಗಳಲ್ಲಿ ಕಥೋಲಿಕರು ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. 2025ರಲ್ಲಿ ಈಸ್ಟರ್ ಏಪ್ರಿಲ್ 20ಕ್ಕೆ ಬಂದಿತ್ತು, ಮರುದಿನವೇ ಪೋಪ್ ಫ್ರಾನ್ಸಿಸ್ ತೀರಿಕೊಂಡರು.

ಈಸ್ಟರಿಗೆ ಎರಡು ದಿನ ಮುಂಚಿನ ಶುಕ್ರವಾರ ಯೇಸು ಸತ್ತ ದಿನ. ಸಾವಿನ ದಿನವನ್ನು ‘ಶುಭ ಶುಕ್ರವಾರ’ ಎನ್ನುವುದೇಕೆ ಎಂದು ಬಹಳ ಮಂದಿ ಕೇಳುತ್ತಾರೆ. ಅಂದು ಖಾತೆಯ ಬಾಕಿಗೆ ಗೆರೆ ಬಿತ್ತು ಎಂಬ ನಂಬಿಕೆಯಿಂದ ಅದು ಶುಭ. ಆದರೂ ಅದು ಉಪವಾಸದ, ಮೌನದ ದಿನ. ಯಾರಿಗೂ ಶುಭಾಶಯ ಹೇಳುವ ದಿನವಲ್ಲ. ನೆರೆಮನೆಯ ಕ್ರೈಸ್ತರಿಗೆ ಅಂದು ‘ಹ್ಯಾಪಿ’ ಎಂಬ ಸಂದೇಶ ಕಳಿಸಬೇಡಿ. ಭಾನುವಾರದವರೆಗೆ ಕಾದು ಕಳಿಸಿ.

ಮದುವೆಗೆ ಹೋದಾಗ

ನಾವು ಎರಡೂ ಮದುವೆಗಳಿಗೆ ಹೋದೆವು. ಕಥೋಲಿಕ ಮದುವೆಯಲ್ಲಿ ಎಲ್ಲರೂ ಎದ್ದರೆ ಎದ್ದು, ಕುಳಿತರೆ ಕುಳಿತೆವು. ಮೊಣಕಾಲೂರುವಾಗ ಸುಮ್ಮನೆ ಕುಳಿತಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಪರಮಪ್ರಸಾದ ಹಂಚುವಾಗ ಮಾತ್ರ ಒಂದು ಎಚ್ಚರ ಬೇಕು. ಪ್ರಸಾದ ಎಂಬ ಮಾತು ಕೇಳಿ ನಮ್ಮ ಗುಡಿಯಂತೆ ಎಲ್ಲರೂ ಕೈಚಾಚಬಹುದು ಎಂದುಕೊಳ್ಳುವುದು ಸಹಜ. ಆದರೆ ದೀಕ್ಷಾಸ್ನಾನ ಪಡೆದು, ಅದಕ್ಕಾಗಿ ಸಿದ್ಧರಾದ ಕಥೋಲಿಕರಷ್ಟೇ ಅದನ್ನು ಸ್ವೀಕರಿಸುತ್ತಾರೆ. ಉಳಿದವರು ತಮ್ಮ ಜಾಗದಲ್ಲೇ ಇರುತ್ತಾರೆ. ಇನ್ನೊಂದು ಮದುವೆಯಲ್ಲಿ ಮೂರ್ತಿಗಳಿರಲಿಲ್ಲ, ಬರಿಯ ಶಿಲುಬೆ ಇತ್ತು. ಹಾಡು ಹೆಚ್ಚು, ಸಭಾಪಾಲಕರ ಪ್ರಸಂಗ ದೀರ್ಘ.

ಎರಡೂ ಕಡೆ ವಧೂವರರು ಸುಖದಲ್ಲಿಯೂ ಕಷ್ಟದಲ್ಲಿಯೂ, ಆರೋಗ್ಯದಲ್ಲಿಯೂ ರೋಗದಲ್ಲಿಯೂ ಜೊತೆಗಿರುತ್ತೇವೆ ಎಂದು ಎಲ್ಲರೆದುರು ಗಟ್ಟಿಯಾಗಿ ಹೇಳಿ ಪ್ರತಿಜ್ಞೆ ಮಾಡಿದರು. ಎರಡನೆಯ ಮದುವೆಯಲ್ಲಿ ಓದಿದ ಬೈಬಲ್ ಭಾಗದಲ್ಲಿ ‘ಆತನು’ ಎಂದು ಬಂದಾಗ ಅವ್ವ ನನ್ನ ಕಡೆ ತಿರುಗಿ, ‘ಇದು ಹಳೆಯದು, ಅಲ್ಲವೇ?’ ಎಂದು ಮೆಲ್ಲಗೆ ಕೇಳಿದಳು.